ಲಿಂಗೋಜಿಯ ಫೋಟೋಗಳಿಗೆ ಬಿದ್ದ ಸುಂಕ

ಹುಲಿಕಟ್ಟೆ ಸಂಸ್ಥಾನದ ಸುಂಕದ ಅಧಿಕಾರಿ ತಿಮ್ಮಾಜಿರಾಯರಿಗೆ ಮೀಸೆ ದೊಡ್ಡದು, ಜಂಬ ಅದಕ್ಕಿಂತ ದೊಡ್ಡದು. ಒಂದು ದಿನ ತುಂಬಿದ ದರ್ಬಾರಿನಲ್ಲಿ ಎದ್ದು ನಿಂತು, ತಾವು ಸುಂಕ ಹಾಕಲಾಗದಂಥ ವಸ್ತು ಈ ಸಂಸ್ಥಾನದಲ್ಲಿ ಇನ್ನೂ ಹುಟ್ಟಿಲ್ಲ ಎಂದುಬಿಟ್ಟರು.

ಊಟವೆಂದರೆ ಪ್ರಾಣ ಬಿಡುವ ದೊರೆ ಭದ್ರರಾಜರಿಗೆ ಆಗ ಊಟದ ಹೊತ್ತು. ಹೊಟ್ಟೆ ಹಸಿದಾಗ ಅವರಿಗೆ ತರಲೆ ಜಾಸ್ತಿ. "ಹಾಗಾದರೆ ನಮ್ಮ ಲಿಂಗೋಜಿ ಇಷ್ಟು ವರ್ಷದಿಂದ ಒಂದು ಕಾಸೂ ಕಟ್ಟಿಲ್ಲವಲ್ಲ, ರಾಯರೇ?" ಎಂದು ಕೆಣಕಿದರು.

ಲಿಂಗೋಜಿ ಅರಮನೆಯ ಫೋಟೋಗ್ರಾಫರ್. ಅವನ ಅಪ್ಪ, ಅಜ್ಜ ಗೋಡೆಯ ಮೇಲೆ ಚಿತ್ರ ಬರೆದವರು. ಇವನು ಪೇಟೆ ಬೀದಿಯಲ್ಲಿ ಸಣ್ಣದೊಂದು ಸ್ಟುಡಿಯೋ ಇಟ್ಟುಕೊಂಡು, ಕ್ಯಾಮೆರಾದ ಹಿಂದೆ ಕರಿಬಟ್ಟೆ ಹೊದ್ದು ಹೊಟ್ಟೆ ಹೊರೆಯುತ್ತಿದ್ದ. ದರ್ಬಾರಿನಲ್ಲಿ ಅವನ ಜಾಗ ಕೊನೆಯ ಸಾಲು, ಬಾಯಿ ಮಾತ್ರ ಮೊದಲ ಸಾಲಿನದು.

ಅವನು ಎದ್ದು ಕೈಮುಗಿದು, ತನ್ನದು ಬರೀ ಕೂಲಿ ಕೆಲಸ ಎಂದ. ಕ್ಷೌರಿಕ ತಲೆ ಬೋಳಿಸಿದರೆ ಯಾರಾದರೂ ಮಾರಾಟದ ಸುಂಕ ಕೇಳುತ್ತಾರೆಯೇ? ತಾನೂ ಹಾಗೆಯೇ, ಗಿರಾಕಿಯ ಮುಖವನ್ನು ಗಿರಾಕಿಗೇ ತೆಗೆದುಕೊಡುವವನು. ಅವನ ಮುಖವನ್ನು ಅವನಿಗೇ ಮಾರುವುದು ಹೇಗೆ ಎಂದು ಕೇಳಿದ.

ರಾಯರು ಬಗ್ಗಲಿಲ್ಲ. "ಗಿರಾಕಿ ಮನೆಗೆ ಏನು ಒಯ್ಯುತ್ತಾನೆ? ಫೋಟೋ ಅಂಟಿಸಿದ ರಟ್ಟು. ಕೈಯಲ್ಲಿ ಹಿಡಿಯಲು ಬಂದರೆ ಅದು ಸರಕು. ಈರುಳ್ಳಿಗೂ ನಿನ್ನ ಫೋಟೋಗೂ ಏನಯ್ಯಾ ವ್ಯತ್ಯಾಸ?"

"ಅಂದರೆ ಈರುಳ್ಳಿ ಮಾರುವವನಿಗಿರುವ ಕಾನೂನೇ ನನಗೂ ಅಂತೀರಾ, ಸ್ವಾಮಿ?"

"ಕೂದಲೆಳೆಯಷ್ಟೂ ಬೇರೆಯಲ್ಲ."

ಹಾಗಾದರೆ ಡಂಗುರ ಹೊಡೆಸಿಬಿಡಿ ಎಂದು ಲಿಂಗೋಜಿ ಬೇಡಿಕೊಂಡ. ದೊರೆ ಒಪ್ಪಿದರು. ಸಂಜೆಯೊಳಗೆ ಫೋಟೋ ಸರಕು ಎಂದು ಊರಿಗೆಲ್ಲ ತಿಳಿಯಿತು. ಹಿಂದಿನ ವರ್ಷಗಳ ಸುಂಕವನ್ನೂ ದೀಪಾವಳಿಯೊಳಗೆ ಕಟ್ಟಬೇಕು, ಇಲ್ಲದಿದ್ದರೆ ಕ್ಯಾಮೆರಾ ಹರಾಜು ಎಂದು ರಾಯರು ತಮ್ಮ ಕಡೆಯಿಂದ ಒಂದು ಬಾಲ ಸೇರಿಸಿದ್ದರು.

ಮನೆಗೆ ಬಂದ ಲಿಂಗೋಜಿಗೆ ಅನ್ನ ಸೇರಲಿಲ್ಲ. ಹುಲಿಕಟ್ಟೆಯಲ್ಲಿ ಫೋಟೋ ತೆಗೆಸಿಕೊಳ್ಳುವವರೇ ಕಡಿಮೆ, ತೆಗೆಸಿದರೆ ಆಯುಸ್ಸು ಕರಗುತ್ತದೆಂದು ಅರ್ಧ ಊರು ನಂಬಿತ್ತು. ಕ್ಯಾಮೆರಾ ಹೋದರೆ ಒಲೆ ಉರಿಯುವುದಿಲ್ಲ. ಹೆಂಡತಿ ತುಳಜವ್ವ ಮುಖ ಸಣ್ಣದು ಮಾಡಿಕೊಂಡು ಇನ್ನೇನು ಗತಿ ಎಂದಳು. ಅವನು ಫೋಟೋ ತೊಳೆಯುವ ಕತ್ತಲೆ ಕೋಣೆಗೆ ಹೋಗಿ, ಗಾಜಿನ ಪ್ಲೇಟುಗಳ ಪೆಟ್ಟಿಗೆ ತೆರೆದು ಕೂತ.

ಯಾರ ಫೋಟೋ ತೆಗೆದರೂ ಪ್ಲೇಟು ಸ್ಟುಡಿಯೋದಲ್ಲೇ ಉಳಿಯುವುದು ವಾಡಿಕೆ, ಅದರಿಂದ ಬೇಕಾದಷ್ಟು ಪ್ರತಿ ತೆಗೆಯಬಹುದು. ರಾಯರದ್ದೂ ಒಂದಿತ್ತು, ಕಚೇರಿಯ ಗೋಡೆಗೆಂದು ಬಿಟ್ಟಿಯಾಗಿ ತೆಗೆಸಿಕೊಂಡದ್ದು. ಬೆಳಕಿನ ಮದ್ದು ಢಂ ಎಂದು ಹೊತ್ತಿಕೊಂಡ ಗಳಿಗೆಯಲ್ಲಿ ಅವರ ಕಣ್ಣುಗುಡ್ಡೆ ಆಚೆ ಬಂದಿದ್ದವು, ಮೀಸೆ ನೆಟ್ಟಗೆ ನಿಂತಿತ್ತು. ಕಳೆ ಇದೆ ಎಂದು ರಾಯರೇ ಮೆಚ್ಚಿಕೊಂಡಿದ್ದರು.

ಮುಂದಿನ ಸೋಮವಾರದ ಸಂತೆಯಲ್ಲಿ ಈರುಳ್ಳಿ ರಾಶಿಗೂ ಬದನೆಕಾಯಿ ರಾಶಿಗೂ ನಡುವೆ ಒಂದು ಗೋಣಿತಾಟು ಬಿತ್ತು. ಅದರ ತುಂಬ ರಟ್ಟಿನ ಮೇಲಿನ ತಿಮ್ಮಾಜಿರಾಯರು.

ಮೊದಲು ಜನ ನಕ್ಕರು, ಆಮೇಲೆ ಕೊಂಡರು. ಹೊಸ ಮನೆ ಕಟ್ಟಿಸುವವರು ದೃಷ್ಟಿಬೊಂಬೆಯ ಬದಲು ಇದೇ ವಾಸಿ ಎಂದರು. ಕಡಲೆಕಾಯಿ ಬೆಳೆದವರು ಕಾಗೆ ಬೆದರಿಸಲು ಹೊಲಕ್ಕೆ ಒಯ್ದರು. ಒಬ್ಬಾಕೆ ಮಗುವನ್ನು ಹೆದರಿಸಿ ಅನ್ನ ಉಣ್ಣಿಸಲು ಒಯ್ದವಳು, ವಾರ ಬಿಟ್ಟು ಬಂದು ತಂಗಿಗೂ ಒಂದು ಕೊಂಡಳು. ಲಿಂಗೋಜಿ ಸಂತೆ ಮುಗಿದ ಕೂಡಲೇ ಸುಂಕದ ಕಟ್ಟೆಗೆ ಹೋಗಿ ಸುಂಕ ಕಟ್ಟುತ್ತಿದ್ದ. ಅಲ್ಲಿನ ಗುಮಾಸ್ತ ತಲೆಯೆತ್ತದೆ ಎಣಿಸಿಕೊಳ್ಳುತ್ತಿದ್ದ.

ದೀಪಾವಳಿ ಹತ್ತಿರವಾದಾಗ ದೊರೆ ಹೊಸ ಬೀದಿ ನೋಡಲು ಸಾರೋಟಿನಲ್ಲಿ ಹೊರಟರು, ಪಕ್ಕದಲ್ಲಿ ರಾಯರು. ಮೊದಲ ಮನೆಯ ಮುಂದೆ ಒಂದು ಬೂದುಗುಂಬಳ, ಒಂದು ಹಳೆಯ ಚಪ್ಪಲಿ, ನಡುವೆ ರಾಯರ ಫೋಟೋ. ಎರಡನೆಯ ಮನೆಯಲ್ಲೂ ಅದೇ. ಮೂರನೆಯ ಮನೆಯಲ್ಲಿ ಗಾರೆಯವನು ಫೋಟೋ ಕಟ್ಟುತ್ತಿದ್ದವನು ತಿರುಗಿ, ನಿಜವಾದ ಮುಖ ಕಂಡು, ಕರಣೆ ಬಿಸಾಕಿ ಓಡಿದ.

ಮರುದಿನ ದರ್ಬಾರಿನಲ್ಲಿ ರಾಯರು ಲಿಂಗೋಜಿಯತ್ತ ಬೆರಳು ತೋರಿಸಿ, ಇವನ ಕೈ ಕಡಿಸಬೇಕು ಎಂದರು. ದೊರೆ ತುಟಿ ಕಚ್ಚಿ ನಗು ತಡೆದುಕೊಂಡು, ರಾಯರನ್ನು ಕೇಳದೆ ಅವರ ಫೋಟೋ ಮಾರಿದ್ದು ಯಾಕೆ ಎಂದು ಲಿಂಗೋಜಿಯನ್ನು ವಿಚಾರಿಸಿದರು.

"ಮಹಾಸ್ವಾಮಿ, ಇದು ಕೂಲಿ ಕೆಲಸವಾಗಿದ್ದಾಗ ಗಂಡನನ್ನು ಕೇಳದೆ ಅವನ ಫೋಟೋ ಹೆಂಡತಿಗೂ ಕೊಟ್ಟವನಲ್ಲ ನಾನು. ಈಗ ಸರಕಾಯಿತಲ್ಲ. ಈರುಳ್ಳಿಯವನು ಈರುಳ್ಳಿಯ ಒಪ್ಪಿಗೆ ಕೇಳಿ ಮಾರುತ್ತಾನೆಯೇ?"

ಸಭೆಯಲ್ಲಿ ಕೆಮ್ಮು ಶುರುವಾಯಿತು. ಮಾರಾಟ ನಿಲ್ಲಿಸಿ ಎಂದು ರಾಯರು ಅಂಗಲಾಚಿದರು. ನಿಲ್ಲಿಸಲು ತನ್ನ ಅಡ್ಡಿಯೇನೂ ಇಲ್ಲ, ಆದರೆ ಹಳೆಯ ಸುಂಕ ತೀರಬೇಕಲ್ಲ, ರಾಯರಷ್ಟು ಚೆನ್ನಾಗಿ ಖರ್ಚಾಗುವ ಮಾಲು ತನ್ನಲ್ಲಿ ಬೇರೆ ಇಲ್ಲ ಎಂದ ಲಿಂಗೋಜಿ.

ರಾಯರು ನೆಲ ನೋಡುತ್ತಾ, "ಫೋಟೋ ಸರಕಲ್ಲ, ಮಹಾಸ್ವಾಮಿ. ಕೂಲಿ ಕೆಲಸ" ಎಂದರು.

"ಹಳೆಯ ಬಾಕಿ?" ಎಂದರು ದೊರೆ.

"ಅದೂ ಇಲ್ಲ. ಈಗ ಕಟ್ಟಿದ್ದನ್ನೂ ವಾಪಸ್ ಕೊಡುತ್ತೇನೆ."

ಆಗ ದೊರೆ ಬಾಯಿ ಬಿಟ್ಟು ನಕ್ಕರು. ಲಿಂಗೋಜಿಗೆ ಒಂದು ಜರಿ ರುಮಾಲು ತರಿಸಿ ಕೊಟ್ಟರು. ನಗು ನಿಂತ ಮೇಲೆ ಅವರಿಗೇ ಒಂದು ಅನುಮಾನ ಬಂತು. "ಲಿಂಗೋಜಿ, ನಮ್ಮದನ್ನೂ ಮಾರಿದೆಯಾ?"

"ಇಟ್ಟಿದ್ದೆ, ಮಹಾಸ್ವಾಮಿ. ಒಬ್ಬ ರೈತ ಹೊಲಕ್ಕೆಂದು ಒಯ್ದವನು ಮರುದಿನವೇ ತಂದು ವಾಪಸ್ ಕೊಟ್ಟ."

"ಯಾಕಂತೆ?"

"ತಮ್ಮ ಮುಖ ಕಂಡ ಕಾಗೆಗಳು, ಇದು ಅರಮನೆಯ ಊಟದ ಮನೆ ಅಂದುಕೊಂಡು ನೆಂಟರಿಷ್ಟರನ್ನೆಲ್ಲ ಕರೆದುಕೊಂಡು ಬಂದವಂತೆ."