ಮೋನಪ್ಪನ ಹಗುರ ಕೋವಿ

ಬ್ರಹ್ಮ ಬುದ್ಧಿ ಹಂಚೋ ಹೊತ್ನಲ್ಲಿ ನಿದ್ದೆ ಹೋಗಿದ್ದೋನು ನಮ್ ಮೋನಪ್ಪ. ಅವನವ್ವ ವೀರಕ್ಕ ಅತ್ತೂ ಅತ್ತೂ ಸಾಕಾಗಿದ್ದಳು. ಕಮ್ಮಾರ ಗಂಡ ಸಾಯೋ ಮುಂಚೆ ಒಂದು ಗಿಡ್ಡ ಕೋವಿ ಮಾಡಿಟ್ಟಿದ್ದ. ಘಾಟಿ ದಾರೀಲಿ ಕಳ್ಳರ ಕಾಟ. ಉದ್ದ ಕೋವಿ ಹೊತ್ತು ವ್ಯಾಪಾರಿಗಳ ಹೆಗಲು ಬಿದ್ದೋಗಿತ್ತು. ಇದೋ, ಕಂಕುಳಲ್ಲಿ ಕೂರುತ್ತೆ, ಬಡವನಿಗೂ ಎಟುಕುತ್ತೆ! ಮನೇಲಿ ಕಾಳಿಲ್ಲ. ಕೋವಿ ಮಾರಿದರೆ ಭತ್ತ, ಭತ್ತ ಕುಟ್ಟಿದರೆ ಅನ್ನ.

"ಹಗುರ ಅನ್ನು, ಅಗ್ಗ ಅನ್ನು. ಬೇರೆ ಮಾತಾಡಬೇಡ!" ಅಂದು ಸಂತೆಗೆ ಕಳಿಸಿದಳು.

"ಗುಂಡು ಎಷ್ಟು ದೂರ ಹೋಗುತ್ತಪ್ಪಾ?" ಅಂದ ವ್ಯಾಪಾರಿ.

"ಹಗುರ!"

"ಬೆಲೆ ಎಷ್ಟು?"

"ಅಗ್ಗ!"

ವ್ಯಾಪಾರಿ ಉಗಿದು ಹೋದ.

"ಅಯ್ಯೋ ಮಂಕೇ! ಗಿರಾಕಿ ಕೊಂಕು ತೆಗೆದರೆ ಸರಿಮಾಡಿ ಕೊಡಬೇಕು ಕಣೋ!" ಅಂದಳು ವೀರಕ್ಕ.

ಮುಂದಿನ ಸಂತೇಲಿ ಒಬ್ಬ ಎತ್ತಿ ನೋಡಿ, "ಇನ್ನೂ ಸ್ವಲ್ಪ ಭಾರ" ಅಂದ. ಮೋನಪ್ಪ ಗುಂಡು ಸಿಡಿಸೋ ಕುದುರೇನೇ ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡ. "ಈಗ?"

"ಈಗ ನಿಮ್ಮವ್ವಂಗೆ ಒಲೆ ಊದೋಕೆ ಕೊಡು!"

ಮನೇಲಿ ಮೋನಪ್ಪ ಹೇಳಿದ್ದು ಇಷ್ಟೇ: "ಗಿರಾಕಿ ಹೋದ."

"ಬರಿಗೈಲಿ ಕಳಿಸಿದ್ಯಾ? ಇನ್ಮೇಲೆ ಬಾಗಿಲಿಗೆ ಯಾರೇ ಬರಲಿ, ಕೋವಿ ಕೊಟ್ಟೇ ಕಳಿಸು!"

ದೀಪ ಹಚ್ಚೋ ಹೊತ್ತು. ಬಾಗಿಲು ಧಡಾರ್ ಅಂತು. ಘಾಟಿ ಕಳ್ಳ, ಕೈಲಿ ಮಚ್ಚು!

"ಉಸಿರೆತ್ತಿದರೆ ಕಡಿದು ಹಾಕ್ತೀನಿ!"

ವೀರಕ್ಕ ಗೋಡೆಯ ಕೋವಿಗೆ ಕೈ ಚಾಚಿದಳು. ಮೋನಪ್ಪ ಮೊದಲೇ ಎಳ್ಕೊಂಡು ಎರಡೂ ಕೈಲಿ ಕಳ್ಳನಿಗೇ ಕೊಟ್ಟ!

"ತಗೋ ಅಣ್ಣಾ. ಹಗುರ! ಅಗ್ಗ!"

ಕಳ್ಳ ಮಚ್ಚು ಬಿಸಾಕಿ ವೀರಕ್ಕನ ಹಣೆಗೇ ಗುರಿ ಇಟ್ಟ. ಬೆರಳು ತಡಕಿತು.

"ಲೇ, ಇದರ ಕುದುರೆ ಎಲ್ಲೋ?"

"ಕೊಂಕು ತೆಗೆದ್ಯಾ ಅಣ್ಣಾ? ತಾಳು, ಸರಿಮಾಡಿ ಕೊಡ್ತೀನಿ!" ಅಂತ ಮೋನಪ್ಪ ಕೋವಿ ಇಸ್ಕೊಂಡು, ಸೊಂಟದಿಂದ ಕುದುರೆ ತೆಗೆದು ಜೋಡಿಸೋಕೆ ಕೂತ. ಇನ್ನೇನು ಅದು ಕೂತೇಬಿಡ್ತು ಅನ್ನೋಷ್ಟರಲ್ಲಿ ವೀರಕ್ಕ ಮೂಲೇಲಿದ್ದ ಒನಕೆ ಎತ್ತಿ ಕಳ್ಳನ ಬುರುಡೆಗೆ ಬಿಟ್ಟಳು. ಕಳ್ಳ ಮಕಾಡೆ ಬಿದ್ದ. ಊರವರು ಬಂದು ಕಟ್ಟಿ ಒಯ್ದರು.

ವೀರಕ್ಕ ಮಗನಿಗೆ ಬಾರಿಸಿ, ಆಮೇಲೆ ತಬ್ಬಿ ಅತ್ತು, ಕೋವೀನ ಮತ್ತೆ ಗೋಡೆಗೆ ನೇತುಹಾಕ್ತಾ ಹೇಳಿದಳು: "ನಾಳೆ ಸಂತೇಲಿ, ಕಳ್ಳನ್ನ ಕೆಡವಿದ್ದು ಇದೇ ಅಂತ ಕೂಗಿ ಮಾರು. ಜನ ಮುಗಿಬೀಳ್ತಾರೆ!"

ಮುಗಿಬಿದ್ದರು! ಸಂಜೆ ಮೋನಪ್ಪ ಮೂಟೆ ಭತ್ತ ಹೊತ್ತು ಬಂದ.

"ಮಾರಿದೆ ಕಣವ್ವಾ! ಬೇಗ ಕುಟ್ಟು, ಹಸಿವು!"

ವೀರಕ್ಕ ಕುಣಿಯೋದೊಂದು ಬಾಕಿ. ಮೂಲೆ ನೋಡಿದಳು. ಒನಕೆ ಇಲ್ಲ. ಗೋಡೆ ನೋಡಿದಳು. ಕೋವಿ ಅಲ್ಲೇ ಇದೆ.

"ಅಯ್ಯೋ ಪಾಪಿ! ಯಾತರಲ್ಲೋ ಕುಟ್ಟಲಿ?"

ಮೋನಪ್ಪ ಕೋವಿ ಇಳಿಸಿ ಅವಳ ಕೈಗಿಟ್ಟ.

"ಇದರಲ್ಲಿ ಕುಟ್ಟವ್ವಾ. ಹಗುರ!"