ಉಗ್ರಾಣದ ಬಾಗಿಲಿಗೆ ಖಾಲಿ ಬುಟ್ಟಿ

ಹೊಳೆದಂಡೆಯ ಆ ಮಠದಲ್ಲಿ ಊಟಕ್ಕೆ ಬರವಿರಲಿಲ್ಲ. ಆದರೆ ಅದು ಗಂಗಾಳಕ್ಕೆ ಬೀಳುವಷ್ಟರಲ್ಲಿ ಹೊತ್ತು ನೆತ್ತಿಯಿಂದ ಇಳಿದಿರುತ್ತಿತ್ತು.

ಕಾರಣ ಗುರುಪಾದಯ್ಯ. ಮಠದ ಹಿರಿಯ ಶಿಷ್ಯ, ಎಲ್ಲ ಕೆಲಸಗಳ ಮೇಲ್ವಿಚಾರಣೆ ಅವನದೇ. ಉಗ್ರಾಣದ ಬೀಗದಕೈ ಅವನ ಸೊಂಟದಲ್ಲಿ. ಹಿಡಿ ಉಪ್ಪಾದರೂ ಅವನೇ ಅಳೆದು ಕೊಡಬೇಕು.

ಬೆಳಗಾದರೆ ಉಗ್ರಾಣದ ಜಗಲಿಯ ಮುಂದೆ ಸಾಲು. ಜೋಳಕ್ಕೆ ಅಡುಗೆಯ ನೀಲವ್ವ, ಹಿಂಡಿಗೆ ದನ ನೋಡಿಕೊಳ್ಳುವ ಭರಮಪ್ಪ, ಹಗ್ಗಕ್ಕೆ ತೋಟದವರು. ಗುರುಪಾದಯ್ಯ ಒಬ್ಬೊಬ್ಬರನ್ನೂ ವಿಚಾರಿಸಿ, ನಿನ್ನೆ ಒಯ್ದದ್ದು ಏನಾಯಿತೆಂದು ಕೇಳಿ, ಆಮೇಲೆ ಸೇರು ಎತ್ತುವನು.

ದೇವರು ಕೊಟ್ಟರೂ ಪೂಜಾರಿ ಕೊಡ ಎಂದು ಜನ ಬೆನ್ನ ಹಿಂದೆ ಗೊಣಗುವರು. ಎದುರಿಗೆ ಮಾತ್ರ, "ಅಯ್ಯಾರ, ನೀವಿಲ್ಲಂದ್ರ ಮಠಾನ ನಡ್ಯಾಂಗಿಲ್ರಿ" ಎನ್ನುವರು.

ಆ ಮಾತು ಅವನಿಗೆ ಹೋಳಿಗೆಗಿಂತ ರುಚಿ.

ಒಂದು ದಿನ ದೂರದಿಂದ ನಡೆದು ಬಂದ ಯಾತ್ರಿಕರು ಕಾದು ಕಾದು, ದೋಣಿ ಹೋಗಿಬಿಡುತ್ತದೆಂದು ಉಣ್ಣದೆಯೇ ಎದ್ದರು. ಬಂದವರು ಉಂಡ ಮೇಲೆಯೇ ಗುರು ಉಣ್ಣುವುದು ಅಲ್ಲಿಯ ಪದ್ಧತಿ. ಎಲ್ಲರೂ ಅಜ್ಜ ಎಂದು ಕರೆಯುವ ಆ ಗುರುಗಳು ಹೊಳೆಯ ಕಡೆ ಒಮ್ಮೆ ನೋಡಿ, ತಮ್ಮ ಗಂಗಾಳವನ್ನು ಬೋರಲು ಹಾಕಿದರು.

ಗುರುಪಾದಯ್ಯನನ್ನು ಕರೆದರು.

"ಅಡಗಿಮನ್ಯಾಗ ಎರಡು ಬುಟ್ಟಿ ಇಡಸು. ಒಂದು ಖಾಲಿ ಆತಂದ್ರ ಉಗ್ರಾಣದ ಬಾಗಿಲಿಗೆ ಬರ್ಲಿ. ಅದನ್ನ ಕಂಡೋರು ಯಾರರ ತುಂಬಿ ಅಡಗಿಮನಿಗೆ ಕೊಡ್ಲಿ. ಅಷ್ಟೊತ್ತಿಗೆ ಇನ್ನೊಂದರಾಗ ಅಡಗಿ ನಡೀತದ. ದನದ ಕೊಟಗಿಗೂ ಹಂಗ, ತೋಟಕ್ಕೂ ಹಂಗ. ಕೇಳೂದೂ ಬ್ಯಾಡ, ಕಾಯೂದೂ ಬ್ಯಾಡ."

"ಬೀಗ, ಅಜ್ಜಾರ?"

"ಹಗಲೊತ್ತು ಬೀಗ ಯಾಕ?"

"ಕದ್ದರ?"

"ಕದ್ದು ಎಲ್ಲಿ ಉಣ್ತಾರ? ಇಲ್ಲೇ ನೀಡ್ತೇವಲ್ಲ."

"ಹಿಂದಿನಿಂದ ಹಿಂಗ ನಡದು ಬಂದೈತ್ರಿ..."

"ಇವತ್ತ ನಡದು ಬಂದೋರು ಉಪವಾಸ ಹೋದ್ರಪಾ."

ಗುರುಪಾದಯ್ಯ ತಲೆ ತಗ್ಗಿಸಿದ. ಬುಟ್ಟಿಗಳು ಬಂದವು. ಬೀಗ ತೆರೆಯಿತು.

ಊಟ ಹೊತ್ತಿಗೆ ಸರಿಯಾಗಿ ಆಗತೊಡಗಿತು. ಯಾತ್ರಿಕರು ಉಂಡು, ಹರಸಿ, ದೋಣಿ ಹತ್ತಿದರು. ಯಾರಿಗೂ ಯಾವ ತೊಂದರೆಯೂ ಇಲ್ಲ, ಗುರುಪಾದಯ್ಯನೊಬ್ಬನನ್ನು ಬಿಟ್ಟು.

ಅವನು ಎಂದಿನಂತೆ ಜಗಲಿಯ ಮೇಲೆ ಕುಳಿತ. ನೀಲವ್ವ "ಶರಣ್ರಿ ಅಯ್ಯಾರ" ಎಂದು ಬುಟ್ಟಿ ಇಟ್ಟು ಹೋದಳು, ನಿಲ್ಲಲಿಲ್ಲ. ಭರಮಪ್ಪ ದೂರದಿಂದಲೇ ಕೈ ಮುಗಿದು ಹೋದ.

ಮೊದಲು ಸಾಲಿನಲ್ಲಿ ನಿಂತವರು ಬೇಸರ ಕಳೆಯಲು ಮಾತಾಡುತ್ತಿದ್ದರು. ನೀಲವ್ವನ ಮಗಳ ಬಾಣಂತನ, ಭರಮಪ್ಪನ ಮೊಣಕಾಲು ನೋವು, ಎಲ್ಲವೂ ಅವನಿಗೆ ತಿಳಿಯುತ್ತಿತ್ತು. ಈಗ ಒಂದು ಸುದ್ದಿಯೂ ಜಗಲಿ ಹತ್ತುವುದಿಲ್ಲ. ಒಂದು ಮಧ್ಯಾಹ್ನ ಅಂಗಳದಲ್ಲಿ ಬಿಳಿ ಕರುವೊಂದು ಕುಣಿಯುತ್ತ ಓಡಿತು. ಯಾವ ಆಕಳು ಈದದ್ದೆಂದು ಅವನಿಗೆ ಗೊತ್ತಿರಲಿಲ್ಲ. ಕೇಳಲು ನಾಚಿಕೆಯಾಯಿತು. ಅದು ಮರೆಯಾಗುವವರೆಗೂ ನೋಡುತ್ತ ಕುಳಿತ. ಕಟ್ಟೆಯ ಮೇಲಿಂದ ಅಜ್ಜ ಅವನನ್ನು ನೋಡುತ್ತಿದ್ದರು.

ಯಾರೂ ಕಾಯದಿದ್ದ ಮೇಲೆ ತಾನು ಇದ್ದರೇನು, ಬಿಟ್ಟರೇನು ಎನಿಸಿತು ಅವನಿಗೆ. ಇಷ್ಟು ಜನರ ನಡುವೆ ಇಷ್ಟು ಒಂಟಿಯಾಗಬಹುದೆಂದು ಅವನು ಎಣಿಸಿರಲಿಲ್ಲ.

ಮರುದಿನ ನೀಲವ್ವ ಇಟ್ಟುಹೋದ ಖಾಲಿ ಬುಟ್ಟಿಯನ್ನು ಅವನು ಚೀಲಗಳ ಹಿಂದೆ ಬಚ್ಚಿಟ್ಟ. ಬಾಗಿಲಿಗೆ ಬೀಗ ಹಾಕಿದ.

ಎರಡನೆಯ ಬುಟ್ಟಿಯೂ ಬರಿದಾಯಿತು. ನೀಲವ್ವ ಓಡಿ ಬಂದಳು. ಅವಳ ಹಿಂದೆ ಹಿಂಡಿಗೆ ಭರಮಪ್ಪ ಬಂದ, ತೋಟದವರೂ ಬಂದರು. ಮತ್ತೆ ಸಾಲು! ಗುರುಪಾದಯ್ಯನ ಎದೆ ಹಿಗ್ಗಿತು. ನಿಧಾನವಾಗಿ ಬೀಗದಕೈ ತೆಗೆದು ಬಾಗಿಲು ತೆರೆದ.

"ನೋಡ್ರಿ, ನಾ ಇಲ್ಲಂದ್ರ ಏನಾಕ್ಕೇತಿ! ಮಗಳು ಹೆಂಗದಾಳ ನೀಲವ್ವ?"

ನೀಲವ್ವನ ಕಣ್ಣು ಒಳಗೆ ಹೋಯಿತು. ತೆರೆದ ಬಾಗಿಲಿನೊಳಗೆ, ಚೀಲಗಳ ಸಂದಿಯಿಂದ ಅವಳ ಬುಟ್ಟಿಯ ಅಂಚು ಕಾಣುತ್ತಿತ್ತು. ಅವಳು ಅದನ್ನು ಎಳೆದುಕೊಂಡು, ತಾನೇ ಜೋಳ ತುಂಬಿಕೊಂಡು ಹೊರಟುಹೋದಳು. ಉಳಿದವರೂ ಹಾಗೆಯೇ ಮಾಡಿದರು; ಸಾಲು ಕರಗಿತು.

ಅಂದು ಊಟ ತಡವಾಯಿತು. ಯಾತ್ರಿಕರು ಹಸಿದೇ ದೋಣಿ ಹತ್ತಿದರು. ಅಜ್ಜನ ಗಂಗಾಳ ಮತ್ತೆ ಬೋರಲು ಬಿತ್ತು.

ಗುರುಪಾದಯ್ಯ ಜಗಲಿಯಿಂದ ಏಳಲಿಲ್ಲ. ಮಠ ಬಿಡು ಎನ್ನುತ್ತಾರೆ, ಅನ್ನಲಿ ಎಂದುಕೊಂಡ. ಹೋಗಲು ಬೇರೆ ಊರೂ ಅವನಿಗಿರಲಿಲ್ಲ.

ಹೊತ್ತು ಇಳಿಯುವಾಗ ಅಜ್ಜ ಕೋಲೂರುತ್ತ ಬಂದು ಜಗಲಿಯ ಮುಂದೆ, ಸಾಲು ನಿಲ್ಲುತ್ತಿದ್ದ ಜಾಗದಲ್ಲಿ ನಿಂತರು.

ಅವನು ಗಡಬಡಿಸಿ ಎದ್ದ.

"ಅಜ್ಜಾರ, ಬುಟ್ಟಿ ನಾನ ಮುಚ್ಚಿಟ್ಟಿದ್ನಿರಿ."

"ಗೊತ್ತೈತಿ."

"ಬೀಗದಕೈ ತಗೋರಿ. ಬ್ಯಾರೆದವರಿಗೆ ಕೊಡ್ರಿ."

ಅಜ್ಜ ಕೈ ಚಾಚಲಿಲ್ಲ. ನಿಂತೇ ಇದ್ದರು. ಅಭ್ಯಾಸಬಲದಿಂದ ಗುರುಪಾದಯ್ಯನ ಕೈ ಸೇರಿನ ಕಡೆ ಹೋಯಿತು.

"ಮತ್ತ... ಏನ್ ಬೇಕಾಗಿತ್ರಿ?"

"ಏನೂ ಬ್ಯಾಡಪಾ. ಸ್ವಲ್ಪ ಅತ್ತಾಗ ಸರಿ, ಕುಂಡ್ರತೀನಿ. ಆ ಬಿಳಿ ಕರು ಯಾವ ಆಕಳದ್ದಂತ ಹೇಳಾಕ ಬಂದೀನಿ."