ದೊಡ್ಡವರ ನೆಂಟಳಾದ ಹುಳು

ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿದ್ದ ದುಂಡುಹುಳುವಿಗೆ ಕಾಲುಗಳಿದ್ದಿದ್ದರೆ ಆ ದಿನ ಅವು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. "ಕೇಳಿದೆಯಾ ಇಲಿಯಕ್ಕ?" ಎಂದು ಅದು ಪಕ್ಕದ ಪಂಜರದ ಮುದಿ ಇಲಿಯನ್ನು ಕೂಗಿತು. "ಯಾವ ಜೀನ್ ಕೆಟ್ಟರೆ ಮನುಷ್ಯರ ಮಕ್ಕಳ ಕೈಕಾಲು ಬತ್ತುತ್ತದೋ, ಅದೇ ಜೀನ್ ನನ್ನ ಮೈಯಲ್ಲೂ ಇದೆಯಂತೆ. ಇಲ್ಲಿನ ವಿಜ್ಞಾನಿಗಳು ಎರಡನ್ನೂ ಓದಿ ತಾಳೆ ನೋಡಿದರು. ನಾವೂ ಅವರೂ ಒಂದೇ ಮನೆತನ! ಅದಕ್ಕೇ ನೋಡು, ಹೊಸ ಊಟ ಕಳಿಸಿದ್ದಾರೆ."

"ನಮ್ಮಮ್ಮನಿಗೂ ನೆಂಟಳು ಅಂತಲೇ ಅಂದಿದ್ದರು, ತಂಗೀ. ಆಮೇಲೆ ಹುಟ್ಟಿದವರಲ್ಲಿ ಉಳಿದವಳು ನಾನೊಬ್ಬಳೇ. ಹೊಟ್ಟೆಯಲ್ಲಿ ಮೊಟ್ಟೆ ಇಟ್ಟುಕೊಂಡವಳು ನೀನು, ಆ ಊಟ ಮುಟ್ಟಬೇಡ," ಎಂದಿತು ಇಲಿ.

"ನಿನ್ನ ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಬಿಡು. ದೊಡ್ಡವರು ಬಡಿಸಿದ್ದನ್ನು ಬೇಡವೆಂದರೆ ನೆಂಟಸ್ತಿಕೆ ಉಳಿಯುತ್ತದೆಯೇ?" ಎಂದ ಹುಳು ತಟ್ಟೆ ಬಳಿದು ತಿಂದಿತು.

ಊಟದಲ್ಲಿ ಮದ್ದು ಹಾಕಿದ್ದರು. ಆ ಜೀನನ್ನು ಮೊಟ್ಟೆಯೊಳಗೇ ಕೆಲಸ ಮಾಡದಂತೆ ಸುಮ್ಮನಾಗಿಸುವ ಮದ್ದು. ಮೊಟ್ಟೆಯೊಡೆದು ಬಂದ ಮರಿಗಳಲ್ಲಿ ಒಂದೂ ತೆವಳಲಿಲ್ಲ. ತಾಯಿ ಒಂದೊಂದನ್ನೂ ಮೂತಿಯಿಂದ ನೂಕಿ ನೋಡಿತು.

ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಿದ್ದ ಮನುಷ್ಯ ಹಿಗ್ಗಿನಿಂದ ಕೂಗಿದ: "ಬನ್ನಿ, ಬೇಗ ಬಂದು ನೋಡಿ! ಥೇಟ್ ನಮ್ಮ ಮಕ್ಕಳ ಹಾಗೆಯೇ!"

ಹುಳು ಕೇಳಲು ಕಾದಿದ್ದ ಮಾತು ಅದೇ ಆಗಿತ್ತು.